ಯಾರಿಗೆ ಯಾವ ಧ್ಯಾನ? ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಒಂದು ಹೋಲಿಕೆ

ಧ್ಯಾನ ಕಲಿಯಬೇಕು ಅಂತ ಹೊರಟವರಿಗೆ ನಮ್ಮ ಕಡೆ ಆಯ್ಕೆಗೆ ಬರವಿಲ್ಲ. ರಾಜಯೋಗದ ಕೇಂದ್ರಗಳಿವೆ, ಉಸಿರಿನ ಕ್ರಿಯೆ ಕಲಿಸುವ ಶಿಬಿರಗಳು ಆಗಾಗ ನಡೆಯುತ್ತವೆ, ಬೆಳಗಿನ ಯೋಗ ತರಗತಿಯ ಕೊನೆಗೆ ಹತ್ತು ನಿಮಿಷ ಕಣ್ಣು ಮುಚ್ಚಿಸುತ್ತಾರೆ, ಮಠಗಳಲ್ಲಿ ಶಿವಯೋಗ, ಅಂದರೆ ಅಂಗೈಯ ಇಷ್ಟಲಿಂಗದ ಮೇಲಿನ ಧ್ಯಾನ, ಹೇಳಿಕೊಡುತ್ತಾರೆ. ಇಷ್ಟೂ ಸಾಲದು ಅನ್ನುವವರಿಗೆ ಮೊಬೈಲಿನಲ್ಲಿ ಆಪ್‌ಗಳು. ಆದರೆ ಇವುಗಳ ನಡುವೆ ವ್ಯತ್ಯಾಸವೇನು, ಯಾವ ತೊಂದರೆಗೆ ಯಾವುದು ಒಗ್ಗುತ್ತದೆ ಅಂತ ಬಿಡಿಸಿ ಹೇಳುವವರು ಕಡಿಮೆ. ಕಲಿಸುವವರೆಲ್ಲ ತಮ್ಮದೊಂದೇ ಸಕಲ ರೋಗಕ್ಕೂ ಮದ್ದು ಅನ್ನುತ್ತಾರೆ, ಕೇಳುವವರು ಪಕ್ಕದ ಮನೆಯವರು ಹೋದ ಕಡೆಗೇ ಹೋಗುತ್ತಾರೆ.

ಯಾವುದು ಶ್ರೇಷ್ಠ ಅಂತ ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಎರಡು ಪ್ರಶ್ನೆ ಸಾಕು. ದಿನದ ಯಾವ ಹೊತ್ತಿನಲ್ಲಿ ನಿಮಗೆ ತೊಂದರೆ ಜಾಸ್ತಿ? ಮೊದಲ ವಾರದ ಹುರುಪು ಇಳಿದ ಮೇಲೆ, ಆರನೇ ವಾರದಲ್ಲಿ, ಯಾರೂ ಕರೆಯದಿದ್ದರೂ ಮನೆಯಲ್ಲೇ ಅದನ್ನು ಮಾಡಬಲ್ಲಿರಾ? ರಾತ್ರಿ ಹನ್ನೊಂದಕ್ಕೆ ನಿದ್ದೆ ಬಾರದೆ ಹೊರಳಾಡುವವರಿಗೂ, ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಯ ಮೇಲೆ ರೇಗುವವರಿಗೂ ಒಂದೇ ಪದ್ಧತಿ ಹೇಳುವುದು ತಪ್ಪು.

ಎಷ್ಟು ನಂಬಬಹುದು

ಧ್ಯಾನದಿಂದ ಉಪಯೋಗ ಇದೆ. ಎಷ್ಟು ಅಂತ ಸರಿಯಾಗಿ ತಿಳಿದುಕೊಂಡು ಶುರು ಮಾಡಿದರೆ ಅರ್ಧಕ್ಕೆ ಬಿಡುವುದು ತಪ್ಪುತ್ತದೆ. 2014ರಲ್ಲಿ ಅಮೆರಿಕದ ಸಂಶೋಧಕರು 47 ಪ್ರಯೋಗಗಳನ್ನು, ಅಂದರೆ 3,515 ಜನರ ಫಲಿತಾಂಶಗಳನ್ನು, ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಸಾಧಾರಣ ಮಟ್ಟದ ಇಳಿಕೆ ಕಂಡಿತು. ನಿದ್ದೆ, ತೂಕ, ಏಕಾಗ್ರತೆಯ ವಿಷಯದಲ್ಲಿ ಗಟ್ಟಿ ಪುರಾವೆ ಸಿಗಲಿಲ್ಲ. ವ್ಯಾಯಾಮಕ್ಕಿಂತ ಅಥವಾ ಔಷಧಿಗಿಂತ ಮೇಲು ಅನ್ನುವುದಕ್ಕೂ ಸಿಗಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಒಂದು ಗುಂಪಿಗೆ ಎಸಿಟಲೊಪ್ರಾಮ್ ಮಾತ್ರೆ, ಇನ್ನೊಂದಕ್ಕೆ 8 ವಾರದ ಧ್ಯಾನ ತರಬೇತಿ ಕೊಟ್ಟರು. ಎರಡೂ ಗುಂಪಿನಲ್ಲಿ ಆತಂಕ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಇಳಿಯಿತು. ‘ಮಾತ್ರೆ ಬೇಡ, ಧ್ಯಾನ ಸಾಕು’ ಅಂತ ವಾಟ್ಸಾಪಿನಲ್ಲಿ ಓಡಾಡುವ ಸುದ್ದಿಗಳ ಬೇರು ಇಂಥ ಪ್ರಯೋಗಗಳಲ್ಲೇ ಇದೆ. ಆ ಸುದ್ದಿಯಲ್ಲಿ ಬಿಟ್ಟುಹೋಗುವುದು ಏನೆಂದರೆ, ಆ ಜನ ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿಗೆ ಹೋಗಿ, ಮನೆಯಲ್ಲಿ ದಿನಕ್ಕೆ 45 ನಿಮಿಷ ಕೂತವರು. ಐದು ನಿಮಿಷ ಕಣ್ಣು ಮುಚ್ಚಿದವರಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ.

ರಕ್ತದೊತ್ತಡಕ್ಕೆ ಅಂತ ಶುರು ಮಾಡುವವರು ಬಹಳ. ಅಮೆರಿಕದ ಹೃದಯ ಸಂಘ 2017ರಲ್ಲಿ ಹೇಳಿದ್ದು ಇಷ್ಟು: ಮಾಮೂಲಿ ಚಿಕಿತ್ಸೆಯ ಜೊತೆಗೆ ಧ್ಯಾನವನ್ನೂ ಮಾಡಬಹುದು. ಜೊತೆಗೆ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ತಿಂಗಳು ಕೂತು ಬಿಪಿ ಇಳಿದಿದೆ ಅಂತ ತಾವೇ ಮಾತ್ರೆ ನಿಲ್ಲಿಸಿದವರಿಗೆ ಕೆಲವೇ ದಿನಗಳಲ್ಲಿ ಅದು ಮತ್ತೆ ಏರುತ್ತದೆ, ಏರಿದ್ದು ಗೊತ್ತೂ ಆಗುವುದಿಲ್ಲ.

ಮೈಯಲ್ಲಿ ನಡೆಯುವುದನ್ನು ಈಗಲೇ ಪರೀಕ್ಷೆ ಮಾಡಿ ನೋಡಬಹುದು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಉದ್ದಕ್ಕೆ ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಉಸಿರನ್ನು ನಿಧಾನ ಮಾಡುವ ಎಲ್ಲ ಪದ್ಧತಿಗಳೂ, ಹೆಸರು ಏನೇ ಇರಲಿ, ತಕ್ಷಣಕ್ಕೆ ಕೊಡುವ ಸಮಾಧಾನ ಇದೇ ದಾರಿಯಲ್ಲಿ ಬರುವುದು. ದೀರ್ಘಕಾಲದ ಲಾಭ ಬೇರೆ. ಮನಸ್ಸು ಓಡಿಹೋದದ್ದು ಬೇಗ ಗಮನಕ್ಕೆ ಬರುವುದು, ಸಿಟ್ಟು ಬಾಯಿಗೆ ಬರುವ ಮುಂಚೆ ಅರೆಕ್ಷಣ ಸಿಗುವುದು. ಇದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು.

ಉಸಿರಿನ ಮೇಲೆ ಗಮನ

ಖರ್ಚಿಲ್ಲ, ದೀಕ್ಷೆಯಿಲ್ಲ, ಯಾವ ಜಾತಿ ಧರ್ಮದವರಿಗೂ ಅಡ್ಡಿಯಿಲ್ಲ. ಬಹುಪಾಲು ಜನ ಇಲ್ಲಿಂದ ಶುರು ಮಾಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ಬೌದ್ಧ ಪರಂಪರೆಯಲ್ಲಿ ಇದಕ್ಕೆ ಆನಾಪಾನ ಅನ್ನುತ್ತಾರೆ.

ಮೊಬೈಲಿನಲ್ಲಿ 12 ನಿಮಿಷಕ್ಕೆ ಅಲಾರಂ ಇಟ್ಟು, ಫೋನನ್ನು ಕೈಗೆ ಸಿಗದಷ್ಟು ದೂರ ಇಡಿ. ಕಣ್ಣು ಮುಚ್ಚಿ. ಮೂಗಿನ ಹೊಳ್ಳೆ ಮತ್ತು ಮೇಲ್ದುಟಿಯ ನಡುವಿನ ಚಿಕ್ಕ ಜಾಗದಲ್ಲಿ ಗಾಳಿ ತಾಗುವುದನ್ನು ಗಮನಿಸಿ. ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಕೊಂಚ ಬೆಚ್ಚಗೆ. ಆ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ ಅನ್ನುವವರು ಮೊದಲ ಒಂದೆರಡು ನಿಮಿಷ ಸ್ವಲ್ಪ ಜೋರಾಗಿ ಉಸಿರಾಡಿ, ಆಮೇಲೆ ಬಿಟ್ಟುಬಿಡಿ. ಉಸಿರು ಬಿಡುವಾಗ ಒಂದು, ಮುಂದಿನದಕ್ಕೆ ಎರಡು, ಹೀಗೆ ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ವಿಪಶ್ಯನ ಪರಂಪರೆಯವರು, ಅಂದರೆ ಕೆಳಗೆ ಹೇಳುವ ಹತ್ತು ದಿನದ ಮೌನ ಶಿಬಿರದವರು, ಎಣಿಕೆ ಬೇಡ ಅನ್ನುತ್ತಾರೆ. ಆದರೆ ಒಬ್ಬರೇ ಮನೆಯಲ್ಲಿ ಕೂರುವವರಿಗೆ ಮೊದಲ ಎರಡು ವಾರ ಎಣಿಕೆ ಇದ್ದರೆ ದಾರಿ ತಪ್ಪಿದ್ದು ಬೇಗ ತಿಳಿಯುತ್ತದೆ.

ಮೂರು ಎಣಿಸುವಷ್ಟರಲ್ಲಿ ಗ್ಯಾಸ್ ಬುಕ್ ಮಾಡಿದೆನಾ ಅಂತ ನೆನಪಾಗುತ್ತದೆ. ಅಲ್ಲಿಂದ ಸಿಲಿಂಡರ್ ತರುವ ಹುಡುಗ, ಅವನಿಗೆ ಕೊಡಬೇಕಾದ ಚಿಲ್ಲರೆ, ಬ್ಯಾಂಕಿನ ಕೆಲಸ, ಬ್ಯಾಂಕಿನಲ್ಲಿ ಮೊನ್ನೆ ಆದ ಜಗಳ. ಯಾವಾಗಲೋ ಥಟ್ಟನೆ ಗೊತ್ತಾಗುತ್ತದೆ, ಉಸಿರು ಬಿಟ್ಟು ಎಲ್ಲೋ ಹೋಗಿದ್ದೇನೆ ಅಂತ. ಗೊತ್ತಾದ ಆ ಗಳಿಗೆಯಲ್ಲಿ ತನ್ನನ್ನು ತಾನು ಬೈದುಕೊಳ್ಳದೆ ಮತ್ತೆ ಒಂದಕ್ಕೆ ಬರುವುದೇ ಇಲ್ಲಿನ ಅಭ್ಯಾಸ. ಹನ್ನೆರಡು ನಿಮಿಷದಲ್ಲಿ ಮೂವತ್ತು ಸಲ ಓಡಿಹೋಗಿ ಮೂವತ್ತು ಸಲ ವಾಪಸ್ ಬಂದರೆ ಮೂವತ್ತು ಸಲ ಅಭ್ಯಾಸ ಆಯಿತು. ‘ನನಗೆ ಮನಸ್ಸು ನಿಲ್ಲೋದೇ ಇಲ್ಲ, ಧ್ಯಾನ ಆಗಿ ಬರಲ್ಲ’ ಅನ್ನುವವರು ಬಿಡುವುದು ಸರಿಯಾಗಿ ಈ ಜಾಗದಲ್ಲಿ. ಅವರು ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು.

ನಿಜಕ್ಕೂ ತಪ್ಪಾಗುವ ಜಾಗ ಬೇರೆ ಇದೆ. ಗಮನಿಸುತ್ತೇನೆ ಅಂತ ಉಸಿರನ್ನು ಕೈಗೆ ತೆಗೆದುಕೊಂಡು ನಡೆಸಲು ಹೋಗುತ್ತಾರೆ. ಉಸಿರು ಬಿಗಿಯಾಗುತ್ತದೆ, ಎದೆ ಹಿಡಿದಂತಾಗುತ್ತದೆ, ಸಾಕಷ್ಟು ಗಾಳಿ ಸಿಗುತ್ತಿಲ್ಲ ಅನ್ನಿಸಿ ಗಾಬರಿಯಾಗುತ್ತದೆ. ಮೊದಲೇ ಆತಂಕ ಇರುವವರಿಗೆ ಇದು ಜಾಸ್ತಿ. ಅಂಥವರು ಉಸಿರನ್ನು ಬಿಟ್ಟು ಅಂಗೈಗಳ ಮೇಲೆ, ಇಲ್ಲವೇ ನೆಲಕ್ಕೆ ತಾಗಿದ ಪಾದಗಳ ಮೇಲೆ ಗಮನ ಇಡಬೇಕು. ಕೆಲವರಿಗೆ ಉಸಿರಿನ ಧ್ಯಾನ ಯಾವತ್ತೂ ಹಿಡಿಸುವುದಿಲ್ಲ. ಅವರಿಗೆ ಕೆಳಗೆ ಹೇಳುವ ಜಪವೋ ನಡಿಗೆಯೋ ವಾಸಿ.

ಹೊತ್ತಿನ ವಿಷಯ. ಎದ್ದು ಮುಖ ತೊಳೆದು, ಕಾಫಿಗೆ ಮುಂಚೆ ಅಥವಾ ಕುಡಿದ ಮೇಲೆ, ತಿಂಡಿಗಂತೂ ಮುಂಚೆ. ಬೆಣ್ಣೆದೋಸೆ ತಿಂದು ಬಂದು ಕೂತರೆ ಆಗುವುದು ತೂಕಡಿಕೆ. ಊಟವಾದ ಮೇಲೆ ಎರಡು ಗಂಟೆಯಾದರೂ ಬಿಡಿ.

ಜಪ: ಮನೆಯಲ್ಲೇ ಇರುವುದನ್ನು ಬಿಟ್ಟು ಊರೆಲ್ಲ ಹುಡುಕುವವರಿಗೆ

ಈ ಎರಡು ಜಿಲ್ಲೆಗಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಗಳು ಎಷ್ಟಿವೆ ಅಂತ ಹೇಳಬೇಕಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಎರಡು ನಿಮಿಷದಲ್ಲಿ ಪೂಜೆ ಮುಗಿಸಿ ತಿಂಡಿಗೆ ಏಳುವ ರೂಢಿ. ಅದೇ ಕೂತ ಜಾಗದಲ್ಲಿ ಇನ್ನು ಹದಿನೈದು ನಿಮಿಷ ಕೂತರೆ ಅದು ಪೂರ್ಣ ಪ್ರಮಾಣದ ಧ್ಯಾನ. ದೃಷ್ಟಿಗೆ ಲಿಂಗ, ಮನಸ್ಸಿಗೆ ಮಂತ್ರ, ದೇಹಕ್ಕೆ ಸ್ಥಿರ ಆಸನ, ಮೂರೂ ಅದರಲ್ಲೇ ಇವೆ. ಇದನ್ನು ಮನೆಯಲ್ಲಿ ಇಟ್ಟುಕೊಂಡು ಬೇರೆ ಕಡೆ ಸಾವಿರಾರು ರೂಪಾಯಿ ಕೊಟ್ಟು ಮಂತ್ರ ತೆಗೆದುಕೊಳ್ಳುವುದು ಏಕೆ ಅನ್ನುವುದು ನಮಗೆ ತಿಳಿಯದ ಲೆಕ್ಕ.

ಮಾಡುವ ಬಗೆ ಹೀಗೆ. ದೀಪ ಬೆನ್ನ ಹಿಂದೆ ಅಥವಾ ಭುಜದ ಪಕ್ಕಕ್ಕೆ ಬರುವಂತೆ ಇಡಿ. ಲಿಂಗದ ಕಪ್ಪು ನುಣುಪಿನ ಮೇಲೆ ಒಂದು ಬೆಳಕಿನ ಚುಕ್ಕಿ ಕಾಣುತ್ತದೆ. ಅರೆಗಣ್ಣಿನಲ್ಲಿ ಆ ಚುಕ್ಕಿಯನ್ನು ನೋಡುತ್ತಾ, ಉಸಿರು ಬಿಡುವಾಗ ಒಂದು ಸಲ ‘ಓಂ ನಮಃ ಶಿವಾಯ’ ಮನಸ್ಸಿನಲ್ಲಿ. ರೆಪ್ಪೆ ಬಡಿಯದೆ ನೋಡಬೇಕು ಅಂತ ಹಟ ಹಿಡಿದರೆ ಕಣ್ಣು ಉರಿದು ನೀರು ಬರುತ್ತದೆ. ರೆಪ್ಪೆ ತಾನಾಗಿ ಬಡಿಯಲಿ. ನಾಲ್ಕೈದು ನಿಮಿಷ ಆದ ಮೇಲೆ ಕಣ್ಣು ಮುಚ್ಚಿ ಅದೇ ಚುಕ್ಕಿಯನ್ನು ಒಳಗೆ ನೋಡಿ, ಮಸುಕಾದಾಗ ಮತ್ತೆ ತೆರೆಯಿರಿ. ಹೆಚ್ಚಿನವರು ಬಿಡುವುದಕ್ಕೆ ಕಾರಣ ಮನಸ್ಸಲ್ಲ, ಭುಜ. ಎತ್ತಿ ಹಿಡಿದ ಎಡಗೈ ಐದು ನಿಮಿಷಕ್ಕೇ ಸೋಲುತ್ತದೆ. ಯೋಗಿಗಳು ತೋಳು ಊರಲು ಯೋಗದಂಡ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. ಮನೆಯಲ್ಲಿ ಮೊಣಕೈ ಕೆಳಗೆ ಒಂದು ದಿಂಬು ಮಡಚಿ ಇಟ್ಟರೆ ಅದೇ ಕೆಲಸ ಆಗುತ್ತದೆ. ದೀಕ್ಷೆಯಾದ ಕಡೆ ಹೇಳಿಕೊಟ್ಟ ಕ್ರಮ ಬೇರೆ ಇದ್ದರೆ ಅದನ್ನೇ ಪಾಲಿಸಿ. ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ), ಮೂರ್ಛೆ ರೋಗ, ಮೈಗ್ರೇನ್ ಇರುವವರು ದೀಪದ ಜ್ವಾಲೆಯನ್ನು ನೇರವಾಗಿ ದಿಟ್ಟಿಸುವ ತ್ರಾಟಕಕ್ಕೆ ಹೋಗಬಾರದು.

ಲಿಂಗ ಇಲ್ಲದವರಿಗೆ ಮಾಲೆ ಇದೆ. ರುದ್ರಾಕ್ಷಿಯೋ ತುಳಸಿಯೋ ತಸ್ಬಿಯೋ, ಯಾವುದಾದರೂ ಸರಿ. 2001ರಲ್ಲಿ ಇಟಲಿಯ ಸಂಶೋಧಕರು ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ 23 ಜನರಿಂದ ಹೇಳಿಸಿ ಉಸಿರು, ಹೃದಯದ ಗತಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ರಕ್ತದೊತ್ತಡವನ್ನು ಸರಿದೂಗಿಸುವ ಪ್ರತಿಕ್ರಿಯೆ ಚುರುಕಾಯಿತು. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅಂದರೆ ಜಪದ ಲಾಭ ಬೇಕಿದ್ದರೆ ವೇಗ ಮುಖ್ಯ. ಒಂದು ಮಣಿಗೆ ಒಂದು ನಿಧಾನದ ಉಸಿರು ಅಂದರೆ 108 ಮಣಿಗೆ ಹದಿನೆಂಟು ನಿಮಿಷ ಹಿಡಿಯಬೇಕು. ಟಿವಿ ನೋಡುತ್ತಾ ಮೂರು ನಿಮಿಷದಲ್ಲಿ ಮಾಲೆ ಸುತ್ತಿದರೆ ಎಣಿಕೆ ಮಾತ್ರ ಆಗುತ್ತದೆ.

ಜಪ ಒಗ್ಗುವುದು ಯಾರಿಗೆ? ಮನಸ್ಸಿನಲ್ಲಿ ಸದಾ ಮಾತು ಓಡುತ್ತಿರುವವರಿಗೆ. ಆ ಮಾತಿನ ಜಾಗವನ್ನು ಮಂತ್ರ ಹಿಡಿದುಕೊಳ್ಳುತ್ತದೆ. ಮಗ್ಗದ ಸದ್ದು, ರಸ್ತೆಯ ಹಾರ್ನ್, ಪಕ್ಕದ ಮನೆಯ ಮಿಕ್ಸಿ ಇರುವ ಕಡೆಯೂ ಇದು ನಡೆಯುತ್ತದೆ, ಉಸಿರಿನ ಗಮನ ಅಂಥ ಕಡೆ ಕಷ್ಟ. ದೇವರು, ಮಂತ್ರ ಎಂದರೆ ಇರುಸುಮುರುಸಾಗುವವರು ‘ಶಾಂತಿ’ ಅನ್ನುವ ಒಂದು ಪದ ಇಟ್ಟುಕೊಳ್ಳಬಹುದು. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲೇ ಯಾವುದಾದರೂ ಒಂದು ಪದವನ್ನು ಮತ್ತೆ ಮತ್ತೆ ಹೇಳಿಕೊಂಡರೂ ದೇಹ ಸಡಿಲವಾಗುತ್ತದೆ ಎಂದು ತೋರಿಸಿದ್ದರು.

ರಾತ್ರಿಯ ತೊಂದರೆಗೆ: ಯೋಗನಿದ್ರೆ

ಈಗ ಎಲ್ಲರೂ ಕೇಳುವ ಯೋಗನಿದ್ರೆಯ ಕ್ರಮವನ್ನು ರೂಪಿಸಿದವರು ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ. ಶವಾಸನದಲ್ಲಿ ಮಲಗಿ, ಒಂದು ಚಿಕ್ಕ ಸಂಕಲ್ಪ ಮಾಡಿ, ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಒಂದೊಂದೇ ಬೆರಳು, ಅಂಗೈ, ಮಣಿಕಟ್ಟು, ಮೊಣಕೈ ಹೀಗೆ ದೇಹದ ಸುತ್ತ ಗಮನವನ್ನು ಓಡಿಸುತ್ತಾರೆ. ಆಮೇಲೆ ಉಸಿರಿನ ಎಣಿಕೆ, ಭಾರ ಮತ್ತು ಹಗುರ, ಬಿಸಿ ಮತ್ತು ತಂಪು ಇಂಥ ಜೋಡಿ ಅನುಭವಗಳು, ಕೊನೆಗೆ ಚಿತ್ರಗಳು. 20ರಿಂದ 45 ನಿಮಿಷ.

ಇದರ ದೊಡ್ಡ ಅನುಕೂಲ, ಏನೂ ಗೊತ್ತಿಲ್ಲದವರೂ ಧ್ವನಿ ಕೇಳುತ್ತಾ ಮಾಡಬಹುದು. ತೊಂದರೆಯೂ ಅದೇ ಧ್ವನಿಯಿಂದ. ಯೂಟ್ಯೂಬಿನಲ್ಲಿ ಹಾಕಿ ಮಲಗಿದರೆ ಹನ್ನೆರಡನೇ ನಿಮಿಷಕ್ಕೆ ಜಾಹೀರಾತು ಕಿರುಚುತ್ತದೆ, ಅಷ್ಟೊತ್ತಿನ ಕೆಲಸ ನೀರುಪಾಲು. ಆಡಿಯೊ ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಂದೇ ಧ್ವನಿ, ಒಂದೇ ಕ್ರಮ ಎರಡು ವಾರ ಇರಲಿ, ದಿನಕ್ಕೊಂದು ಬದಲಿಸಬೇಡಿ. ಅಲುಗಾಡದೆ ಮಲಗಿದಾಗ ಮೈ ತಣ್ಣಗಾಗುತ್ತದೆ, ಬೇಸಿಗೆಯಲ್ಲೂ ತೆಳ್ಳನೆ ಹೊದಿಕೆ ಹತ್ತಿರ ಇರಲಿ.

ಮಧ್ಯದಲ್ಲೇ ನಿದ್ದೆ ಬಂದುಬಿಡುತ್ತದೆ ಅನ್ನುವುದು ಸಾಮಾನ್ಯ ದೂರು. ರಾತ್ರಿ ಮಲಗುವಾಗ ಮಾಡಿದ್ದರೆ ಅದು ದೂರೇ ಅಲ್ಲ, ಬಂದ ಕೆಲಸ ಆಯಿತು. ಹಗಲು ಎಚ್ಚರದಿಂದ ಮಾಡಬೇಕಿದ್ದರೆ ಮೊಣಕೈ ನೆಲದ ಮೇಲೆ ಊರಿ ಮುಂಗೈಯನ್ನು ನೇರ ಮೇಲಕ್ಕೆ ನಿಲ್ಲಿಸಿಕೊಳ್ಳಿ. ತೂಕಡಿಕೆ ಬಂದ ಕೂಡಲೇ ಕೈ ಬೀಳುತ್ತದೆ, ಎಚ್ಚರಾಗುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ರಾತ್ರಿ ಗದ್ದೆಗೆ ಹೋಗುವವರಿಗೆ, ನೈಟ್ ಡ್ಯೂಟಿಯ ನರ್ಸುಗಳಿಗೆ ಮಧ್ಯಾಹ್ನದ ಅರ್ಧ ಗಂಟೆಯ ಯೋಗನಿದ್ರೆ ಒಳ್ಳೆಯ ವಿಶ್ರಾಂತಿ. ನಿದ್ದೆಗೆ ಅದು ಬದಲಿಯಾಗುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳಿಂದ ನಿದ್ದೆ ಕೆಡುತ್ತಿದೆ ಅಂದರೆ ವೈದ್ಯರ ಹತ್ತಿರ ಹೋಗುವ ಹೊತ್ತಾಗಿದೆ.

ಕೂರಲು ಆಗದವರು ನಡೆಯಲಿ

ಸೊಂಟ ನೋವು, ಮಂಡಿ ನೋವು, ಕೂತರೆ ಮೈಯೆಲ್ಲ ಚಡಪಡಿಕೆ. ಇಂಥವರನ್ನು ಬಲವಂತವಾಗಿ ಕೂರಿಸುವುದರಲ್ಲಿ ಅರ್ಥವಿಲ್ಲ. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ಏರಿ ಇದೆ, ದುರ್ಗದವರಿಗೆ ಚಂದ್ರವಳ್ಳಿ. ಆದರೆ ಇಯರ್‌ಫೋನ್ ಹಾಕಿಕೊಂಡು ಬಿರಬಿರನೆ ಸುತ್ತು ಹೊಡೆಯುವುದು ವ್ಯಾಯಾಮ, ಅದರ ಲಾಭ ಬೇರೆ. ಧ್ಯಾನದ ನಡಿಗೆಗೆ ಕೆರೆಯ ಸುತ್ತು ಬೇಕಾಗಿಲ್ಲ, ಇಪ್ಪತ್ತು ಮೂವತ್ತು ಹೆಜ್ಜೆಯಷ್ಟು ಸಮತಟ್ಟಾದ ಜಾಗ ಸಾಕು. ಮನೆಯ ತಾರಸಿಯೂ ಆದೀತು. ಹಿಮ್ಮಡಿ ಎದ್ದಿತು, ಕಾಲು ಮುಂದೆ ಹೋಯಿತು, ಪಾದ ಊರಿತು ಅನ್ನುವುದನ್ನು ಪ್ರತಿ ಹೆಜ್ಜೆಯಲ್ಲೂ ಗಮನಿಸುತ್ತಾ ಕೊನೆಯವರೆಗೆ ಹೋಗಿ, ಒಂದು ಉಸಿರು ನಿಂತು, ತಿರುಗಿ ಬನ್ನಿ. ಮಾಮೂಲಿ ನಡಿಗೆಯ ಅರ್ಧ ವೇಗ. ತೀರಾ ನಿಧಾನ ಮಾಡಿದರೆ ತೋಲ ತಪ್ಪುತ್ತದೆ, ವಯಸ್ಸಾದವರು ಗೋಡೆ ಪಕ್ಕದಲ್ಲಿ ನಡೆಯಲಿ. ಮಾರ್ಚ್‌ನಿಂದ ಮೇವರೆಗೆ ಏಳು ಗಂಟೆಯೊಳಗೆ ಮುಗಿಸಿಕೊಳ್ಳಬೇಕು. ದುರ್ಗದ ಕೋಟೆಯ ಮೆಟ್ಟಿಲುಗಳು ಇದಕ್ಕೆ ಹೇಳಿಸಿದ ಜಾಗವಲ್ಲ: ಮಂಗಗಳ ಮೇಲೂ ಒಂದು ಕಣ್ಣಿಡಬೇಕಾಗುತ್ತದೆ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳನ್ನು ನೋಡಿ ಬನ್ನಿ, ಆದರೆ ಒಳಗೆ ಕೂತು ಧ್ಯಾನ ಮಾಡುವ ಆಸೆ ಬೇಡ. ಕತ್ತಲು, ಕಟ್ಟಿದ ಗಾಳಿ, ಬಾವಲಿ.

ಕೇಂದ್ರಕ್ಕೆ ಹೋಗಿ ಕಲಿಯುವುದಾದರೆ

ಬ್ರಹ್ಮಾಕುಮಾರಿಯರ ರಾಜಯೋಗವನ್ನು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಏಳು ದಿನ ಉಚಿತವಾಗಿ ಹೇಳಿಕೊಡುತ್ತಾರೆ. ಕಣ್ಣು ತೆರೆದೇ ಮಾಡುವುದು ಇದರ ವಿಶೇಷ, ಕಣ್ಣು ಮುಚ್ಚಿದರೆ ನಿದ್ದೆ ಬರುವವರಿಗೆ ಇದು ಅನುಕೂಲ. ಜೊತೆಗೆ ಒಂದು ತತ್ತ್ವವೂ ಬರುತ್ತದೆ: ನಾನು ದೇಹವಲ್ಲ, ಆತ್ಮ, ಪರಮಾತ್ಮ ಜ್ಯೋತಿಬಿಂದು ಅನ್ನುವುದು. ಅದು ಮನಸ್ಸಿಗೆ ಒಪ್ಪಿದರೆ ಧ್ಯಾನ ಬೇಗ ಹಿಡಿಯುತ್ತದೆ. ಬರೀ ತಂತ್ರ ಸಾಕು ಅನ್ನುವವರಿಗೆ ಏಳು ದಿನದ ಪಾಠ ಉದ್ದವೆನಿಸಬಹುದು. ಅವರ ಒಂದು ಅಭ್ಯಾಸವನ್ನಂತೂ ಯಾರು ಬೇಕಾದರೂ ತೆಗೆದುಕೊಳ್ಳಬಹುದು: ಹಗಲಿನಲ್ಲಿ ಗೊತ್ತಾದ ಹೊತ್ತಿಗೆ ಹಾಡು ಹಾಕಿ, ಮಾಡುತ್ತಿದ್ದ ಕೆಲಸ ನಿಲ್ಲಿಸಿ ಒಂದೆರಡು ನಿಮಿಷ ಸುಮ್ಮನಿರುವುದು. ಅವರು ಇದನ್ನು ಟ್ರಾಫಿಕ್ ಕಂಟ್ರೋಲ್ ಅನ್ನುತ್ತಾರೆ. ಎಪಿಎಂಸಿಯ ಮಂಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಮಧ್ಯಾಹ್ನದ ಸಿಟ್ಟಿಗೆ ಬೆಳಗಿನ ಅರ್ಧ ಗಂಟೆಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸುದರ್ಶನ ಕ್ರಿಯೆ ಹಣ ಕೊಟ್ಟು ಕೆಲವು ದಿನಗಳ ಶಿಬಿರದಲ್ಲಿ ಕಲಿಯುವಂಥದು. ಆರ್ಟ್ ಆಫ್ ಲಿವಿಂಗ್‌ನವರು ಇದರ ಹುಟ್ಟನ್ನು 1982ರಲ್ಲಿ ಶಿವಮೊಗ್ಗದ ಕಡೆ ಭದ್ರೆಯ ದಡಕ್ಕೆ ಕಟ್ಟುತ್ತಾರೆ, ಹಾಗೆ ನೋಡಿದರೆ ನಮ್ಮ ನಾಲೆಯ ನೀರಿನದೇ ಸಂಬಂಧ. ಗಂಟಲಿನಲ್ಲಿ ಮೆಲ್ಲಗೆ ಸದ್ದಾಗುವಂತೆ ಉಸಿರಾಡುವ ಉಜ್ಜಾಯಿ, ರಭಸದಿಂದ ಎಳೆದು ಬಿಡುವ ಭಸ್ತ್ರಿಕಾ, ಆಮೇಲೆ ನಿಧಾನ, ಮಧ್ಯಮ, ವೇಗದ ಉಸಿರಿನ ಸುತ್ತುಗಳು. ಮಂಕು ಹಿಡಿದು, ಜಡವಾಗಿ, ಸುಮ್ಮನೆ ಕೂತರೆ ಇನ್ನೂ ಕುಗ್ಗುವವರಿಗೆ ಇಂಥ ಚಟುವಟಿಕೆಯ ಪದ್ಧತಿ ಹಿಡಿಸುತ್ತದೆ. ಕಲಿತ ಮೇಲೆ ದಿನಕ್ಕೆ ಅರ್ಧ ಗಂಟೆ ಬೇಕು. ವೇಗದ ಉಸಿರಾಟದಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದ. ಅದನ್ನು ದೈವಿಕ ಅನುಭವ ಅಂತಲೂ ತಿಳಿಯಬೇಡಿ, ಪಾರ್ಶ್ವವಾಯು ಅಂತಲೂ ಹೆದರಬೇಡಿ. ನಿಧಾನ ಮಾಡಿದರೆ ಇಳಿಯುತ್ತದೆ. ಗರ್ಭಿಣಿಯರು, ಹತೋಟಿಗೆ ಬಾರದ ಬಿಪಿ, ಮೂರ್ಛೆ ರೋಗ, ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ತೀರಾ ಕುಗ್ಗುವಿಕೆಗೆ ಹೋಗುವ ಕಾಯಿಲೆ) ಇರುವವರು ವೇಗದ ಉಸಿರಿನ ಯಾವ ಪದ್ಧತಿಗೂ ವೈದ್ಯರನ್ನು ಕೇಳದೆ ಹೋಗಬಾರದು.

ಅಷ್ಟೆಲ್ಲ ಬೇಡ, ಸುಲಭದ್ದು ಬೇಕು ಅಂದರೆ ನಾಲ್ಕು ಎಣಿಸುತ್ತಾ ಎಳೆದು, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸರಿಯಾಗಿ ಆರು ಉಸಿರು. ಪಿಯು ಮಕ್ಕಳಿಗೆ, ನೀಟ್ ಬರೆಯುವವರಿಗೆ ನಾವು ಹೇಳುವುದು ಇದೊಂದನ್ನೇ. ಪರೀಕ್ಷೆ ಹತ್ತು ದಿನ ಇರುವಾಗ ಹೊಸ ಧ್ಯಾನ ಪದ್ಧತಿ ಕಲಿಸಲು ಹೊರಡುವ ತಂದೆ ತಾಯಂದಿರು ಮಗುವಿನ ತಲೆಗೆ ಇನ್ನೊಂದು ವಿಷಯ ಹೇರುತ್ತಾರೆ ಅಷ್ಟೆ.

ಹತ್ತು ದಿನದ ವಿಪಶ್ಯನ ಶಿಬಿರದ್ದು ಬೇರೆಯೇ ಲೆಕ್ಕ. ಎಸ್. ಎನ್. ಗೋಯಂಕಾ ಪರಂಪರೆಯ ಈ ಶಿಬಿರಗಳಿಗೆ ಶುಲ್ಕವಿಲ್ಲ, ಊಟ ವಸತಿಯೂ ಉಚಿತ, ಮುಗಿಸಿದವರು ಮಾತ್ರ ದಾನ ಕೊಡಬಹುದು. ನಮಗೆ ಅನುಕೂಲದ ಕೇಂದ್ರ ಬೆಂಗಳೂರು ಹೊರವಲಯದ ಧಮ್ಮ ಪಫುಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಮೌನ, ಫೋನಿಲ್ಲ, ಓದು ಬರಹವಿಲ್ಲ, ಸಂಜೆ ಹೊಸಬರಿಗೆ ಹಣ್ಣು ಮತ್ತು ಚಹಾ. ಮೊದಲ ಮೂರು ದಿನ ಆನಾಪಾನ, ನಾಲ್ಕನೇ ದಿನದಿಂದ ದೇಹದ ಸಂವೇದನೆಗಳನ್ನು ನೋಡುವ ವಿಪಶ್ಯನ. ಅಡಿಕೆ ಕೊಯ್ಲಿನ ಕಾಲದಲ್ಲಿ ಹೆಸರು ಕೊಟ್ಟು ಮಧ್ಯೆ ಎದ್ದು ಬರುವುದಕ್ಕಿಂತ ಕೆಲಸ ಮುಗಿದ ತಿಂಗಳು ನೋಡಿಕೊಳ್ಳಿ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ತಿಂಗಳು ಕೂತವರಿಗೆ ಮಾತ್ರ ನಾವು ಇದನ್ನು ಹೇಳುತ್ತೇವೆ. ಕೇಂದ್ರದವರು ಹಾಗೆ ಷರತ್ತು ಹಾಕುವುದಿಲ್ಲ. ಆದರೆ ಮುಗಿಸಿ ಬಂದವರಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳುತ್ತಾರೆ, ಅಭ್ಯಾಸವೇ ಇಲ್ಲದವರು ಅದನ್ನು ಹೆಚ್ಚು ದಿನ ಉಳಿಸಿಕೊಳ್ಳುವುದಿಲ್ಲ. ಅಶೋಕನಂಥವನೇ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ ಶಾಸನದಲ್ಲಿ, ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನ ಹಾಕಲಿಲ್ಲ ಎಂದು ಬರೆಸಿದ್ದಾನೆ. ಬಿಟ್ಟುಹೋದದ್ದಕ್ಕೆ ನಾಚಿಕೊಂಡು ಮತ್ತೆ ಶುರು ಮಾಡದಿರುವುದು ಬೇಡ.

ಕೂರುವ ಬಗೆ

ಪದ್ಧತಿ ಯಾವುದೇ ಇರಲಿ, ಕೆಡುವುದು ಹೆಚ್ಚಾಗಿ ಕಾಲಿನಿಂದ. ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮಂಡಿಗಳು ಮೇಲೆ, ಸೊಂಟ ಹಿಂದಕ್ಕೆ ಕುಸಿದು ಬೆನ್ನು ಬಿಲ್ಲಾಗುತ್ತದೆ. ಹತ್ತು ನಿಮಿಷಕ್ಕೆ ಸೊಂಟ ನೋವು. ಕುಂಡಿಯ ಕೆಳಗೆ ಮೂರು ನಾಲ್ಕು ಇಂಚು ಎತ್ತರ ಬೇಕು. ಚಳ್ಳಕೆರೆಯ ಕಂಬಳಿ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ: ಬಿಗಿಯಾಗಿ ಮಡಚಿದರೆ ಕುಸಿಯುವುದಿಲ್ಲ, ಜಾರುವುದೂ ಇಲ್ಲ. ಸ್ಪಂಜಿನ ದಿಂಬು ಕೂತ ಐದೇ ನಿಮಿಷಕ್ಕೆ ಚಪ್ಪಟೆ. ಕಂಬಳಿಯ ಮುಂಭಾಗದ ಅಂಚಿನಲ್ಲಿ ಕೂತು ಮಂಡಿಗಳು ನೆಲದತ್ತ ಇಳಿಯಲು ಬಿಡಿ. ಜೋಮು ಹಿಡಿಯುವುದು ಕಾಲಿನ ನರ ಒತ್ತಿದ್ದರಿಂದ, ಹಾಗಾದಾಗ ತಟ್ಟನೆ ಏಳಬೇಡಿ. ಮರಗಟ್ಟಿದ ಪಾದ ಮಡಚಿಕೊಂಡು ಬೀಳುತ್ತೀರಿ. ಕುರ್ಚಿಯೂ ಸರಿಯೇ, ಆದರೆ ತಗ್ಗುವ ಪ್ಲಾಸ್ಟಿಕ್ ಕುರ್ಚಿ ಬೇಡ, ಮರದ್ದು ಇರಲಿ, ಪಾದ ಪೂರ್ತಿ ನೆಲಕ್ಕೆ ತಾಗಲಿ.

ಯಾರು ಹುಷಾರಾಗಿರಬೇಕು, ಯಾವಾಗ ಬದಲಿಸಬೇಕು

ಧ್ಯಾನದಿಂದ ಅಪಾಯವೇ ಇಲ್ಲ ಅನ್ನುವುದು ಸುಳ್ಳು. ಹಿಂದೆ ಮನೋವಿಕಾರಕ್ಕೆ ಚಿಕಿತ್ಸೆ ಪಡೆದವರು, ದೊಡ್ಡ ಆಘಾತ ಅನುಭವಿಸಿದವರು, ತೀವ್ರ ಖಿನ್ನತೆಯಲ್ಲಿ ಇರುವವರು ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂತಾಗ ಹಳೆಯದೆಲ್ಲ ಉಕ್ಕಿ ಬರಬಹುದು. ದೀರ್ಘ ಶಿಬಿರದ ಅರ್ಜಿಯಲ್ಲಿ ಈ ಬಗ್ಗೆ ಕೇಳುತ್ತಾರೆ, ಅಲ್ಲಿ ಮುಚ್ಚಿಡಬಾರದು. ಕೂತಾಗಲೆಲ್ಲ ಗಾಬರಿ ಹೆಚ್ಚುತ್ತಿದ್ದರೆ, ನಿದ್ದೆ ಇನ್ನೂ ಕೆಟ್ಟರೆ, ತನ್ನ ದೇಹವೇ ತನ್ನದಲ್ಲ ಅನ್ನಿಸಲು ಶುರುವಾದರೆ ನಿಲ್ಲಿಸಿ. ‘ಇದು ಶುದ್ಧೀಕರಣ, ಮುಂದುವರಿಸಿ’ ಅನ್ನುವವರ ಮಾತು ಕೇಳಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ಹೋಗಲು ಸಂಕೋಚವಾದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮಿಕ್ಕವರು ಒಂದು ಪದ್ಧತಿ ಆರಿಸಿಕೊಂಡು ಆರು ವಾರ ಹಿಡಿದುಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಕೂತ ದಿನಕ್ಕೆ ಒಂದು ಗೀಟು, ಪಕ್ಕದಲ್ಲಿ ನಿಮ್ಮ ತೊಂದರೆಗೆ ತಕ್ಕ ಒಂದೇ ಅಳತೆ: ನಿದ್ದೆಯವರು ಹಾಸಿಗೆಗೆ ಹೋದ ಹೊತ್ತು ಮತ್ತು ರಾತ್ರಿ ಎಚ್ಚರವಾದ ಸಲ, ಸಿಟ್ಟಿನವರು ಆ ದಿನ ಕೂಗಾಡಿದ ಸಲ, ಬಿಪಿಯವರು ಐದು ನಿಮಿಷ ಸುಮ್ಮನೆ ಕೂತ ಮೇಲೆ ಅದೇ ತೋಳಿನಲ್ಲಿ ನೋಡಿದ ಅಂಕಿ. ವಾರಕ್ಕೆ ಐದು ದಿನವಾದರೂ ಗೀಟು ಬಿದ್ದಿದ್ದು ಅಳತೆ ಕದಲದಿದ್ದರೆ ಪದ್ಧತಿ ಬದಲಿಸಿ. ಗೀಟುಗಳೇ ಕಡಿಮೆ ಇದ್ದರೆ ಪದ್ಧತಿಯನ್ನು ದೂರಬೇಡಿ, ಮೊದಲು ಹೊತ್ತು ಬದಲಿಸಿ ನೋಡಿ: ಬೆಳಿಗ್ಗೆ ಆಗದಿದ್ದರೆ ಸಂಜೆ ಅಂಗಡಿ ಮುಚ್ಚಿ ಶಟರ್ ಎಳೆಯುವ ಮುಂಚಿನ ಹತ್ತು ನಿಮಿಷ, ಇಲ್ಲವೇ ಮಕ್ಕಳು ಸ್ಕೂಲಿನ ವ್ಯಾನ್ ಹತ್ತಿದ ಮೇಲಿನ ಹತ್ತು ನಿಮಿಷ.